ಶ್ರಾವಿಕೆಯರ ರಕ್ತಹೀನತೆ: ನಿಯಮ ಬಿಡದೆ ಸರಿಪಡಿಸಿಕೊಳ್ಳುವುದು ಹೇಗೆ?

ರಕ್ತದಲ್ಲಿ ಹಿಮೋಗ್ಲೋಬಿನ್ ಎಂಬ ಅಂಶ ಇರಬೇಕಾದಷ್ಟು ಇಲ್ಲದಿದ್ದರೆ ಅದಕ್ಕೆ ರಕ್ತಹೀನತೆ ಎನ್ನುತ್ತಾರೆ. ಉಸಿರಿನಿಂದ ಬಂದ ಆಮ್ಲಜನಕವನ್ನು ಮೈಯೆಲ್ಲ ಮುಟ್ಟಿಸುವುದು ಇದೇ ಹಿಮೋಗ್ಲೋಬಿನ್. ಹೆಂಗಸರಲ್ಲಿ 100 ಮಿಲಿಲೀಟರ್ ರಕ್ತಕ್ಕೆ ಇದು 12 ಗ್ರಾಂಗಿಂತ ಕಡಿಮೆ ಇರಬಾರದು. ಬಸುರಿಯರಲ್ಲಿ 11ಕ್ಕಿಂತ ಕಡಿಮೆ ಇರಬಾರದು. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ನಮ್ಮ ಕರ್ನಾಟಕದಲ್ಲಿ ಅದು ಸುಮಾರು ಶೇ. 48. ಅದೇ ವಯಸ್ಸಿನ ಗಂಡಸರಲ್ಲಿ ದೇಶದ ಲೆಕ್ಕ ಶೇ. 25. ತಿಂಗಳ ಮುಟ್ಟಿನಿಂದ ಆಗುವ ರಕ್ತನಷ್ಟ ಈ ಅಂತರಕ್ಕೆ ಒಂದು ಕಾರಣ. ಇನ್ನೊಂದು ಕಾರಣ ತಟ್ಟೆಯಲ್ಲಿ ಇದೆ.

ನಾನು ವೈದ್ಯನಲ್ಲ, ಕಿರಾಣಿ ವ್ಯಾಪಾರಿ. ನಮ್ಮೂರ ಬಸದಿಯಲ್ಲಿ ನಡೆಯುವ ಆರೋಗ್ಯ ತಪಾಸಣಾ ಶಿಬಿರಗಳಲ್ಲಿ ಹೆಸರು ಬರೆದುಕೊಳ್ಳುವ, ರಿಪೋರ್ಟ್ ಹಂಚುವ ಕೆಲಸವನ್ನು ಬಹಳ ವರ್ಷಗಳಿಂದ ಮಾಡುತ್ತಿದ್ದೇನೆ. ಅಲ್ಲಿ ಕಂಡ ಒಂದು ವಿಷಯವೇ ಈ ಲೇಖನಕ್ಕೆ ಕಾರಣ. ಹಿಮೋಗ್ಲೋಬಿನ್ 9, 10 ಎಂದು ಬಂದ ತಾಯಂದಿರಿಗೆ ಒಂದು ಅಚ್ಚಾದ ಆಹಾರದ ಚೀಟಿ ಕೊಡುತ್ತಾರೆ. ಅದರಲ್ಲಿ ಬೀಟ್‌ರೂಟ್, ಕ್ಯಾರೆಟ್, ಮೊಳಕೆ ಕಾಳು, ಮೊಟ್ಟೆ, ಜೇನುತುಪ್ಪದಲ್ಲಿ ನೆನೆಸಿದ ಖರ್ಜೂರ ಎಂದೆಲ್ಲ ಇರುತ್ತದೆ. ನಮ್ಮ ತಾಯಂದಿರು ಅದನ್ನು ಓದುತ್ತಾರೆ, ಮಡಚಿ ಪರ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ, ಅಲ್ಲಿಗೆ ಅದು ಮುಗಿಯಿತು. ಕಂದಮೂಲ ಬಿಟ್ಟವರು, ಮೊಳಕೆ ಬಿಟ್ಟವರು, ಜೇನು ಮುಟ್ಟದವರು ಆ ಚೀಟಿಯಿಂದ ಏನು ಮಾಡಬೇಕು? ಡಾಕ್ಟರರ ಮುಂದೆ ಕೇಳಲು ಸಂಕೋಚ. ಮುಂದಿನ ವರ್ಷದ ಶಿಬಿರಕ್ಕೆ ಅದೇ 9, ಅದೇ 10.

ಆದ್ದರಿಂದ ನಮ್ಮ ಮನೆಗಳ ನಿಯಮ ನಮ್ಮಲ್ಲಿಯೇ ಇರಲಿ, ಅದರೊಳಗೆ ಏನು ಸಾಧ್ಯ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಮಾತ್ರೆಯ ಪ್ರಮಾಣ, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು.

ಊಟದ ಹೊತ್ತು, ಊಟದ ಸರದಿ

ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವುದು ಆರೋಗ್ಯಕ್ಕೂ ಒಳ್ಳೆಯದೆಂದು ನಾವೆಲ್ಲ ಹೇಳುತ್ತೇವೆ. ಆದರೆ ಆ ಊಟವನ್ನು ಮಾಡಿ ಬಡಿಸುವವರ ಕಡೆಯಿಂದ ಒಮ್ಮೆ ನೋಡಬೇಕು. ನವೆಂಬರ್, ಡಿಸೆಂಬರ್ ತಿಂಗಳಲ್ಲಿ ನಮ್ಮ ಕಡೆ ಆರು ಗಂಟೆಯ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ನಾಲ್ಕಕ್ಕೆ ಒಲೆ ಹಚ್ಚಬೇಕು. ಐದಕ್ಕೆ ಅತ್ತೆ ಮಾವನಿಗೆ ಬಡಿಸಬೇಕು. ಐದೂವರೆಗೆ ಮಕ್ಕಳು ಬರುತ್ತಾರೆ. ಅಂಗಡಿಯಿಂದ ನಮ್ಮಂಥವರು ಓಡಿಬಂದು ಕೂತಾಗ ಸೂರ್ಯ ಮುಳುಗಲು ಹತ್ತು ನಿಮಿಷ ಇರುತ್ತದೆ. ಬಿಸಿ ರೊಟ್ಟಿ ಬೇಕು ಎನ್ನುತ್ತೇವೆ. ಎಲ್ಲರದೂ ಮುಗಿದು ಆಕೆ ಕೂರುವಷ್ಟರಲ್ಲಿ ಹೊತ್ತು ಹೋಗಿರುತ್ತದೆ. ಅರ್ಧ ರೊಟ್ಟಿ ತಿಂದು ಎದ್ದುಬಿಡುತ್ತಾಳೆ, ಇಲ್ಲವೆ "ನನಗೆ ಹಸಿವಿಲ್ಲ" ಎನ್ನುತ್ತಾಳೆ.

ಮರುದಿನ ಬೆಳಿಗ್ಗೆ ಎದ್ದು ಸ್ನಾನ, ಬಸದಿ, ಅಭಿಷೇಕ, ಮಕ್ಕಳ ಡಬ್ಬಿ. ತಿಂಡಿ ಸಿಗುವುದು ಒಂಬತ್ತಕ್ಕೋ ಹತ್ತಕ್ಕೋ. ಮುನಿಗಳ ಆಹಾರದಾನಕ್ಕೆ ಚೌಕ ಹಾಕಿದ ದಿನವಂತೂ ಆಹಾರ ನಿರ್ವಿಘ್ನವಾಗಿ ಮುಗಿಯುವವರೆಗೆ ನೀರೂ ಇಲ್ಲ. ಹದಿನೈದು, ಹದಿನಾರು ತಾಸು ಹೊಟ್ಟೆ ಖಾಲಿ ಇರುತ್ತದೆ. ವ್ರತವೆಂದು ಸಂಕಲ್ಪ ಮಾಡಿ ಹಸಿದಿರುವುದು ಬೇರೆ. ಇದು ಸಂಕಲ್ಪವೂ ಅಲ್ಲ, ಪಾರಣೆಯೂ ಇಲ್ಲ, ವರ್ಷದ 365 ದಿನ ನಡೆಯುವುದು.

ಇದಕ್ಕೆ ಔಷಧ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಗಂಡಸರು ಅರ್ಧ ತಾಸು ಮೊದಲು ಮನೆಗೆ ಬರುವುದು, ಬರಲಾಗದಿದ್ದರೆ ಮುಚ್ಚಿಟ್ಟ ಊಟವನ್ನು ತಾವೇ ಬಡಿಸಿಕೊಂಡು ಉಣ್ಣುವುದು, ಆಕೆ ಐದೂಕಾಲಿಗೆ ಅತ್ತೆಯ ಜೊತೆಯಲ್ಲೇ ಕೂರುವುದು, ಇಷ್ಟೇ. ಕೆಲವು ಮನೆಗಳಲ್ಲಿ ಈಗ ಎಲ್ಲರೂ ಒಟ್ಟಿಗೆ ಕೂತು ರೊಟ್ಟಿ ಡಬ್ಬಿಯನ್ನು ನಡುವೆ ಇಟ್ಟುಕೊಳ್ಳುತ್ತಾರೆ. ಬಿಸಿ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ ನಷ್ಟ.

ಚಹಾ

ಬೆಳಗಿನ ಹಸಿವನ್ನು ನಮ್ಮ ತಾಯಂದಿರು ಚಹಾದಿಂದ ಮುಚ್ಚುತ್ತಾರೆ. ಚಹಾ, ಕಾಫಿಗಳಲ್ಲಿರುವ ಒಗರು ಅಂಶವು ಕಾಳು, ಧಾನ್ಯಗಳಲ್ಲಿರುವ ಕಬ್ಬಿಣವನ್ನು ಹೊಟ್ಟೆಯಲ್ಲೇ ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಅವಲಕ್ಕಿ ಜೊತೆಗೆ ಚಹಾ, ಊಟವಾದ ಕೂಡಲೇ ಚಹಾ ಎಂಬ ರೂಢಿ ಇರುವಲ್ಲಿ ಎಷ್ಟು ಒಳ್ಳೆಯದನ್ನು ತಿಂದರೂ ಅರ್ಧ ವ್ಯರ್ಥ. ಚಹಾ ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ಯಾರೂ ಕೇಳುವುದಿಲ್ಲ. ಊಟ ತಿಂಡಿಗೂ ಚಹಾಕ್ಕೂ ನಡುವೆ ಒಂದು ತಾಸು ಬಿಡಬೇಕು. ಊಟದ ಜೊತೆಗೆ ನಿಂಬೆಹಣ್ಣು ಅಥವಾ ನೆಲ್ಲಿಕಾಯಿ ಇರಬೇಕು. ಅವುಗಳಲ್ಲಿರುವ ವಿಟಮಿನ್ ಸಿ ಕಬ್ಬಿಣವನ್ನು ರಕ್ತಕ್ಕೆ ಸೇರಿಸಲು ನೆರವಾಗುತ್ತದೆ. ನಿಂಬೆರಸವನ್ನು ಕುದಿಯುವಾಗ ಹಾಕದೆ ಕೆಳಗಿಳಿಸಿದ ಮೇಲೆ ಹಿಂಡಿದರೆ ಹೆಚ್ಚು ಉಳಿಯುತ್ತದೆ.

ಬಿಟ್ಟದ್ದು, ಉಳಿದದ್ದು

ಮೊದಲು ಒಂದು ಭ್ರಮೆ ಬಿಡಿಸುತ್ತೇನೆ. ಬೀಟ್‌ರೂಟ್ ಕೆಂಪಗಿದೆ ಎಂದು ಅದರಿಂದ ರಕ್ತ ಹೆಚ್ಚುವುದಿಲ್ಲ. 100 ಗ್ರಾಂ ಬೀಟ್‌ರೂಟಿನಲ್ಲಿ ಕಬ್ಬಿಣ ಒಂದು ಮಿಲಿಗ್ರಾಂ ಕೂಡ ಇಲ್ಲ. ಕ್ಯಾರೆಟ್ಟಿನದೂ ಅದೇ ಕತೆ. ದಾಳಿಂಬೆ ಒಳ್ಳೆಯ ಹಣ್ಣು, ಆದರೆ ಕಬ್ಬಿಣಕ್ಕಾಗಿ ತಿನ್ನುವ ಹಣ್ಣಲ್ಲ. ಅಂದಮೇಲೆ ಕಂದಮೂಲ ಬಿಟ್ಟದ್ದರಿಂದ ರಕ್ತದ ವಿಷಯದಲ್ಲಿ ನಮಗೆ ಏನೂ ನಷ್ಟವಾಗಿಲ್ಲ. ಬೆಲ್ಲ ಸಕ್ಕರೆಗಿಂತ ಮೇಲು, ಆದರೆ ದಿನಕ್ಕೆ ಒಂದು ತುಣುಕು ಬೆಲ್ಲದಿಂದ ಹಿಮೋಗ್ಲೋಬಿನ್ ಏರುವುದಿಲ್ಲ.

ನಿಜವಾದ ಕೊರತೆ ಬರುವುದು ಸೊಪ್ಪಿನಿಂದ. ಚಾತುರ್ಮಾಸದಲ್ಲಿ ಸೊಪ್ಪು ಬಿಡುವವರಿದ್ದಾರೆ. ಅಷ್ಟಮಿ, ಚತುರ್ದಶಿಗೆ ಹಸಿರು ಬಿಡುವವರು ಇನ್ನೂ ಹೆಚ್ಚು. ಆ ದಿನಗಳಲ್ಲಿ ಕಾಳುಗಳ ಕಡೆಗೆ ತಿರುಗಬೇಕು. ಆದರೆ ನನ್ನ ಅಂಗಡಿಯಲ್ಲಿ ಕಾಣುವುದು ಬೇರೆ. ತೊಗರಿಬೇಳೆ ಕಿಲೋಗಟ್ಟಲೆ ಹೋಗುತ್ತದೆ, ಇಡೀ ಕಾಳು ಪಾವು ಕಿಲೋ, ಅರ್ಧ ಕಿಲೋ. ಸಾರಿನಲ್ಲಿ ತೇಲುವ ಬೇಳೆಯಿಂದ ಹೆಚ್ಚೇನೂ ಸಿಗುವುದಿಲ್ಲ. ಹುರಳಿ, ಮಡಿಕೆ ಕಾಳುಗಳಲ್ಲಿ 100 ಗ್ರಾಂಗೆ ಸುಮಾರು 8 ಮಿಲಿಗ್ರಾಂ ಕಬ್ಬಿಣವಿದೆ. ಕಡಲೆಕಾಳಿನಲ್ಲಿ 6ಕ್ಕಿಂತ ಹೆಚ್ಚು, ಹೆಸರುಕಾಳಿನಲ್ಲಿ 4ರಿಂದ 5. ಸಜ್ಜೆಯಲ್ಲಿ 6ರ ಸುಮಾರು, ಜೋಳ ಮತ್ತು ರಾಗಿಯಲ್ಲಿ 4ರ ಸುಮಾರು. ಎಳ್ಳಿನಲ್ಲಿ ಹೆಚ್ಚು ಇದೆ, ಆದರೆ ಎಳ್ಳನ್ನು ಯಾರೂ 100 ಗ್ರಾಂ ತಿನ್ನುವುದಿಲ್ಲವಲ್ಲ.

ಮೊಳಕೆ ಬರಿಸದವರು ಚಿಂತೆ ಮಾಡಬೇಕಾಗಿಲ್ಲ. ಕಾಳನ್ನು ಏಳೆಂಟು ತಾಸು ನೆನೆಸಿ, ಆ ನೀರು ಚೆಲ್ಲಿ, ಮೊಳಕೆ ಒಡೆಯುವ ಮೊದಲೇ ಬೇಯಿಸಿದರೂ ಕಬ್ಬಿಣಕ್ಕೆ ಅಡ್ಡಿ ಮಾಡುವ ಅಂಶ ಒಂದಷ್ಟು ಇಳಿಯುತ್ತದೆ. ಬೆಳಿಗ್ಗೆ ನೆನೆಹಾಕಿದರೆ ಸಂಜೆ ನಾಲ್ಕರ ಅಡುಗೆಗೆ ಸರಿಯಾಗುತ್ತದೆ. ಪಲ್ಯವನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ, ಅದರಲ್ಲೂ ಸ್ವಲ್ಪ ಹುಳಿ ಇದ್ದರೆ, ಬಾಣಲೆಯ ಕಬ್ಬಿಣವೂ ಅಡುಗೆಗೆ ಇಳಿಯುತ್ತದೆ. ಅಜ್ಜಿಯ ಕಾಲದ ಬಾಣಲೆಯನ್ನು ಗುಜರಿಗೆ ಹಾಕಿ ನಾನ್‌ಸ್ಟಿಕ್ ತಂದವರು ಬಹಳ. ಇನ್ನೂ ಅಟ್ಟದಲ್ಲಿದ್ದರೆ ಇಳಿಸಿರಿ. ಅಡುಗೆಯನ್ನು ಮಾತ್ರ ಅದರಲ್ಲೇ ಬಿಡದೆ ಬೇರೆ ಪಾತ್ರೆಗೆ ತೆಗೆದಿಡಬೇಕು.

ಕಾಳಿನೊಂದಿಗೆ ಹಾಲು ಮೊಸರು ಬೆರೆಸಬಾರದೆಂಬ ದ್ವಿದಳದ ನಿಯಮ ಪಾಲಿಸುವವರಿಗೆ ಇಲ್ಲಿ ಒಂದು ಅನುಕೂಲವೇ ಇದೆ. ಹಾಲು ಮೊಸರಿನ ಸುಣ್ಣದ ಅಂಶ ಕೂಡ ಕಬ್ಬಿಣ ಸೇರುವುದನ್ನು ಸ್ವಲ್ಪ ತಡೆಯುತ್ತದೆ. ಮಧ್ಯಾಹ್ನ ಕಾಳಿನ ಪಲ್ಯಕ್ಕೆ ನಿಂಬೆರಸ, ಹಾಲು ಮೊಸರು ಬೇರೆ ಹೊತ್ತಿಗೆ ಎಂದು ಇಟ್ಟುಕೊಂಡರೆ ಎರಡೂ ಸರಿಹೋಗುತ್ತದೆ.

ಬೆಳ್ಳುಳ್ಳಿ ಹಾಕದ ಅಗಸಿ, ಗುರೆಳ್ಳು, ಎಳ್ಳಿನ ಚಟ್ನಿಪುಡಿಗಳು ರೊಟ್ಟಿಯ ಜೊತೆಗೆ ದಿನವೂ ಇರಲಿ. ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನದ ಮರ್ಯಾದೆ ನೋಡುವ ಮನೆಗಳಲ್ಲಿ ಪುಡಿಯನ್ನೂ ಸ್ವಲ್ಪ ಸ್ವಲ್ಪವೇ ಕುಟ್ಟಿಕೊಳ್ಳಬೇಕಾಗುತ್ತದೆ. ತಾಜಾ ಇದ್ದಷ್ಟೂ ರುಚಿ. ಬಾಣಂತಿಯರಿಗೆ ಮಾಡುವ ಅಳವಿ ಬೀಜದ ಪಾಯಸವನ್ನೂ ಉಂಡೆಯನ್ನೂ ಬಾಣಂತನ ಮುಗಿದ ಮೇಲೆ ಮರೆತುಬಿಡುತ್ತೇವೆ. ಅದನ್ನು ವಾರಕ್ಕೆರಡು ಸಲ ಮಾಡಿಕೊಳ್ಳಬಹುದು. ಬಸುರಿಯರು ಮಾತ್ರ ವೈದ್ಯರನ್ನು ಕೇಳದೆ ಅಳವಿ ತಿನ್ನಬಾರದು.

ಇಷ್ಟೆಲ್ಲ ಹೇಳಿದ ಮೇಲೆ ಲೆಕ್ಕವನ್ನೂ ಹೇಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು, ಗಂಡಸರಿಗೆ 19 ಸಾಕು. ಎರಡು ಜೋಳದ ರೊಟ್ಟಿಯಿಂದ 4, ಒಂದು ಬಟ್ಟಲು ಮಡಿಕೆ ಕಾಳಿನಿಂದ 4, ಒಂದು ದೊಡ್ಡ ಚಮಚ ಎಳ್ಳುಪುಡಿಯಿಂದ ಒಂದಕ್ಕಿಂತ ಸ್ವಲ್ಪ ಹೆಚ್ಚು. ಎರಡು ಹೊತ್ತು ಹೊಟ್ಟೆತುಂಬ ಉಂಡರೂ 29 ಮುಟ್ಟುವುದು ಕಷ್ಟ. ಅರೆಹೊಟ್ಟೆ ಉಂಡರೆ ಸಾಧ್ಯವೇ ಇಲ್ಲ. ಊಟದಿಂದ ರಕ್ತ ಇಳಿಯದಂತೆ ಕಾಪಾಡಿಕೊಳ್ಳಬಹುದು. ಈಗಾಗಲೇ 9, 10ಕ್ಕೆ ಇಳಿದವರಿಗೆ ಮಾತ್ರೆ ಬೇಕೇ ಬೇಕು.

ಮಾತ್ರೆಯ ವಿಷಯ

ಕಬ್ಬಿಣದ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತದೆ. 2018ರಲ್ಲಿ ಆರಂಭವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಂತೆ ಬಸುರಿಯರಿಗೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕೊಡುತ್ತಾರೆ. ಶಾಲಾ ಕಾಲೇಜಿನ ಹೆಣ್ಣುಮಕ್ಕಳಿಗೆ ವಾರಕ್ಕೊಂದು ನೀಲಿ ಮಾತ್ರೆ. ನಮ್ಮ ಸಮಾಜದ ಅನೇಕರು ಸರ್ಕಾರಿ ಮಾತ್ರೆ ಎಂದರೆ ಮೂಗು ಮುರಿಯುತ್ತಾರೆ. ಅದರಲ್ಲಿರುವ ಕಬ್ಬಿಣಕ್ಕೂ ಅಂಗಡಿಯ ದುಬಾರಿ ಮಾತ್ರೆಯ ಕಬ್ಬಿಣಕ್ಕೂ ಕೆಲಸದಲ್ಲಿ ವ್ಯತ್ಯಾಸವಿಲ್ಲ.

ನಮ್ಮವರು ಕೇಳುವ ಪ್ರಶ್ನೆ ಇನ್ನೊಂದಿದೆ: ಮಾತ್ರೆ ಶುದ್ಧವೋ? ಕ್ಯಾಪ್ಸೂಲಿನ ಹೊರ ಕವಚ ಸಾಮಾನ್ಯವಾಗಿ ಜಿಲಾಟಿನ್‌ನದು. ಅದು ಪ್ರಾಣಿಗಳ ಚರ್ಮ, ಮೂಳೆಗಳಿಂದ ತಯಾರಾಗುತ್ತದೆ. ಆದ್ದರಿಂದ "ಕ್ಯಾಪ್ಸೂಲ್ ಬೇಡ, ಮಾತ್ರೆ ಬರೆದುಕೊಡಿ" ಎಂದು ವೈದ್ಯರಿಗೆ ಹೇಳಬೇಕು. ಸಸ್ಯಮೂಲದ ಕವಚ ಇರುವ ಕ್ಯಾಪ್ಸೂಲುಗಳೂ ಈಗ ಬರುತ್ತಿವೆ. ಹಿಂದೆ ಕೆಲವು ರಕ್ತವರ್ಧಕ ಟಾನಿಕ್‌ಗಳಲ್ಲಿ ಪ್ರಾಣಿಯ ರಕ್ತದಿಂದ ತೆಗೆದ ಹಿಮೋಗ್ಲೋಬಿನ್ನನ್ನೇ ಹಾಕುತ್ತಿದ್ದರು. ಬಾಟಲಿಯ ಮೇಲಿನ ಪಟ್ಟಿಯಲ್ಲಿ ಫೆರಸ್ ಸಲ್ಫೇಟ್, ಫೆರಸ್ ಆಸ್ಕೊರ್ಬೇಟ್, ಫೆರಿಕ್ ಅಮೋನಿಯಂ ಸಿಟ್ರೇಟ್ ಎಂದಿದ್ದರೆ ಅದು ಖನಿಜದ ಕಬ್ಬಿಣ. ಹಿಮೋಗ್ಲೋಬಿನ್ ಎಂದೇ ಬರೆದಿದ್ದರೆ ಬಿಡಬೇಕು. ಆಹಾರ ಪೂರಕ ಎಂದು ಮಾರುವ ಡಬ್ಬಿಗಳ ಮೇಲೆ ಹಸಿರು ಗುರುತು ಇರುತ್ತದೆ, ಔಷಧಿಗಳ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ಪಟ್ಟಿ ಓದುವುದೇ ದಾರಿ.

ಮಾತ್ರೆ ನುಂಗಿದಾಗ ಮಲ ಕಪ್ಪಾಗುತ್ತದೆ, ಕೆಲವರಿಗೆ ವಾಕರಿಕೆ ಅಥವಾ ಮಲಬದ್ಧತೆ ಆಗುತ್ತದೆ. ಇದಕ್ಕೆ ಹೆದರಿ ಅರ್ಧಕ್ಕೆ ಬಿಡುವವರೇ ಹೆಚ್ಚು. ಕಪ್ಪಾಗುವುದು ಸಹಜ. ಹೊಟ್ಟೆಗೆ ಆಗದಿದ್ದರೆ ಬೇರೆ ಜಾತಿಯ ಕಬ್ಬಿಣ ಅಥವಾ ದಿನ ಬಿಟ್ಟು ದಿನ ಎಂದು ವೈದ್ಯರು ಬದಲಿಸಿಕೊಡುತ್ತಾರೆ. ಹಿಮೋಗ್ಲೋಬಿನ್ 12 ಮುಟ್ಟಿದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು, ಒಳಗಿನ ಉಗ್ರಾಣ ತುಂಬುವುದು ಆಗಲೇ. ವ್ಯಾಪಾರಿಗಳಿಗೆ ಇದು ಬೇಗ ಅರ್ಥವಾಗುತ್ತದೆ: ಗಲ್ಲೆಯಲ್ಲಿ ಹಣ ಇದ್ದರಾಯಿತೇ, ಗೋದಾಮಿನಲ್ಲಿ ಮಾಲು ಇರಬೇಡವೇ? ಆ ಗೋದಾಮಿನ ಲೆಕ್ಕ ತೋರಿಸುವ ಪರೀಕ್ಷೆಗೆ ಫೆರಿಟಿನ್ ಎನ್ನುತ್ತಾರೆ.

ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಮೂರೂ ಇರುವ ತಾಯಂದಿರು ಅನೇಕರು. ಮೂರನ್ನೂ ಒಟ್ಟಿಗೆ ನುಂಗಿದರೆ ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ. ಥೈರಾಯ್ಡಿನದಕ್ಕೂ ಉಳಿದ ಎರಡಕ್ಕೂ ನಾಲ್ಕು ತಾಸಿನ ಅಂತರ ಬೇಕು. ಬೆಳಿಗ್ಗೆ ಆರೂವರೆಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ, ಎಂಟಕ್ಕೆ ತಿಂಡಿ, ಹನ್ನೊಂದಕ್ಕೆ ನಿಂಬೆನೀರಿನ ಜೊತೆ ಕಬ್ಬಿಣ, ಸಂಜೆ ಐದೂವರೆಯ ಊಟದ ಜೊತೆ ಕ್ಯಾಲ್ಸಿಯಂ ಎಂದಿಟ್ಟುಕೊಂಡರೆ ರಾತ್ರಿ ಏನನ್ನೂ ಬಾಯಿಗೆ ಹಾಕದವರಿಗೂ ಹೊಂದುತ್ತದೆ. ದೇವದರ್ಶನಕ್ಕೆ ಮೊದಲು ನೀರನ್ನೂ ಮುಟ್ಟದವರು ದರ್ಶನದ ಹೊತ್ತನ್ನೇ ಮುಂದೆ ತಂದುಕೊಳ್ಳಬಹುದು. ದಿನವೂ ಒಂದೇ ಹೊತ್ತು ಇರುವುದು ಮುಖ್ಯ.

ಒಂದು ತಿಂಗಳು ಸರಿಯಾಗಿ ನುಂಗಿದರೆ ಹಿಮೋಗ್ಲೋಬಿನ್ ಸುಮಾರು ಒಂದು ಗ್ರಾಂ ಏರಬೇಕು. ಏರದಿದ್ದರೆ ಕಾರಣ ಬೇರೆ ಇದೆ ಎಂದರ್ಥ. ಎಲ್ಲೋ ರಕ್ತ ಹೋಗುತ್ತಿರಬಹುದು, ಬಿ12 ಕೊರತೆ ಇರಬಹುದು, ಥಲಸ್ಸೀಮಿಯಾ ವಾಹಕರಾಗಿರಬಹುದು. ಈ ಮೂರನೆಯದು ಗುಜರಾತಿ, ಸಿಂಧಿ, ಪಂಜಾಬಿ ಮೂಲದ ಕುಟುಂಬಗಳಲ್ಲಿ ಹೆಚ್ಚು ಕಾಣುತ್ತದೆ. ವಾಹಕರಿಗೆ ಅದರಿಂದ ಅಂಥ ತೊಂದರೆಯಿಲ್ಲ, ಆದರೆ ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಹುಟ್ಟುವ ಪ್ರತಿ ಮಗುವಿಗೂ ತೀವ್ರ ಕಾಯಿಲೆ ಬರುವ ಸಂಭವ ಶೇ. 25. ಕುಂಡಲಿ ನೋಡುವಾಗಲೇ ಒಂದು ರಕ್ತಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ.

ಬಿ12

ಇದು ಸಸ್ಯಾಹಾರಿಗಳ ನಿಜವಾದ ಕೊರತೆ, ಮುಚ್ಚಿಡುವಂಥದ್ದೇನೂ ಇಲ್ಲ. ಕಾಳು, ಸೊಪ್ಪು, ಹಣ್ಣು ಯಾವುದರಲ್ಲೂ ವಿಟಮಿನ್ ಬಿ12 ಇಲ್ಲ. ನಮಗೆ ಸಿಗುವುದು ಹಾಲು, ಮೊಸರು, ಮಜ್ಜಿಗೆಯಿಂದ ಮಾತ್ರ. ದಿನಕ್ಕೆ ಬೇಕಾದಷ್ಟು ಬರಬೇಕಾದರೆ ಎರಡು ಲೋಟ ಹಾಲಿನಷ್ಟಾದರೂ ಹೊಟ್ಟೆಗೆ ಹೋಗಬೇಕು. ಮನೆಗೆ ಬರುವ ಹಾಲು ಯಾರ ಹೊಟ್ಟೆಗೆ ಹೋಗುತ್ತದೆ ಎಂದು ಒಮ್ಮೆ ಎಣಿಸಿ ನೋಡಿ. ಮಕ್ಕಳಿಗೆ, ಹಿರಿಯರಿಗೆ, ಎಲ್ಲರ ಚಹಾಕ್ಕೆ. ಆಕೆಯ ಪಾಲಿಗೆ ಬರುವುದು ಚಹಾದಲ್ಲಿ ಬಿದ್ದ ನಾಲ್ಕು ಚಮಚ.

ಕೈಕಾಲು ಜುಮುಗುಟ್ಟುವುದು, ಅಂಗಾಲು ಮರಗಟ್ಟುವುದು, ನಾಲಿಗೆ ಉರಿ, ಮರೆವು, ನಡೆಯುವಾಗ ತೂಕ ತಪ್ಪಿದಂತಾಗುವುದು ಇದರ ಲಕ್ಷಣಗಳು. ವಯಸ್ಸಾಯಿತು ಎಂದು ಬಿಟ್ಟುಬಿಡುತ್ತಾರೆ. ಬಹಳ ಕಾಲ ಬಿಟ್ಟರೆ ನರಕ್ಕೆ ಆದ ಹಾನಿ ಪೂರ್ತಿ ಸರಿಹೋಗದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ, ಆಮ್ಲಪಿತ್ತಕ್ಕೆಂದು ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಈ ಕೊರತೆ ಇನ್ನೂ ಬೇಗ ಬರುತ್ತದೆ. ಫೋಲಿಕ್ ಆಮ್ಲವನ್ನು ಮಾತ್ರ ನುಂಗುತ್ತಿದ್ದರೆ ರಕ್ತದ ರಿಪೋರ್ಟ್ ಚೆನ್ನಾಗಿ ಕಂಡು ನರದ ಹಾನಿ ಒಳಗೊಳಗೇ ನಡೆಯಬಹುದು. ಆದ್ದರಿಂದ ಬಿ12 ಪರೀಕ್ಷೆಯನ್ನು ಒಮ್ಮೆ ಬೇರೆಯಾಗಿಯೇ ಮಾಡಿಸಬೇಕು.

ಔಷಧಿಯ ಬಿ12 ಪ್ರಾಣಿಯ ಮಾಂಸದಿಂದ ತೆಗೆದದ್ದಲ್ಲ, ಮೊಸರು ಆಗುವಂತೆ ಸೂಕ್ಷ್ಮಜೀವಿಗಳ ಮೂಲಕ ತಯಾರಾಗುತ್ತದೆ. ವಿಟಮಿನ್ ಡಿ3 ಮಾತ್ರ ಸಾಮಾನ್ಯವಾಗಿ ಕುರಿಯ ಉಣ್ಣೆ ತೊಳೆದಾಗ ಬರುವ ಜಿಡ್ಡಿನಿಂದ ಆಗುತ್ತದೆ. ಬೇಡವೆನ್ನುವವರಿಗೆ ಕಲ್ಲುಹೂವಿನ ಜಾತಿಯಿಂದ ಮಾಡಿದ ಡಿ3 ಸಿಗುತ್ತದೆ, ಬೆಲೆ ಹೆಚ್ಚು. ಮೂಳೆಗೆ ಬೇಕಾದ ಸುಣ್ಣದ ಅಂಶ ದಿನಕ್ಕೆ 1000 ಮಿಲಿಗ್ರಾಂ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350, ಹಾಲಿನಲ್ಲಿ 100 ಮಿಲಿಲೀಟರಿಗೆ ಸುಮಾರು 120 ಇದೆ. ಜೋಳದ ರೊಟ್ಟಿಯ ಸೀಮೆಯಲ್ಲಿ ರಾಗಿಯನ್ನು ಬಡವರ ಧಾನ್ಯವೆಂದು ದೂರ ಇಟ್ಟವರಿದ್ದರು. ಈಗ ಅಂಗಡಿಗೆ ಬಂದು ಕೇಳುತ್ತಿದ್ದಾರೆ, ಒಳ್ಳೆಯದಾಯಿತು.

ಮುಟ್ಟು ಮತ್ತು ಪರ್ವ

ಗಂಡಸಾಗಿ ನಾನು ಈ ವಿಷಯ ಬರೆಯುವುದು ಕೆಲವರಿಗೆ ಸರಿ ಕಾಣದಿರಬಹುದು. ಆದರೆ ಔಷಧಿ ಅಂಗಡಿಗೆ ಹೋಗಿ ಆ ಮಾತ್ರೆ ತರುವವರು ಹೆಚ್ಚಾಗಿ ಗಂಡಸರೇ, ಅದಕ್ಕೆ ಬರೆಯುತ್ತಿದ್ದೇನೆ.

ಪಂಚಕಲ್ಯಾಣ, ಆರಾಧನೆ, ದಶಲಕ್ಷಣ ಪರ್ವ, ಮನೆಯ ಮದುವೆ ಬಂತೆಂದರೆ ಮುಟ್ಟನ್ನು ಮುಂದೂಡುವ ಮಾತ್ರೆ ನುಂಗುವ ರೂಢಿ ಹೆಚ್ಚಿದೆ. ಅದರಲ್ಲಿ ಇರುವುದು ನಾರೆಥಿಸ್ಟರೋನ್ ಎಂಬ ಹಾರ್ಮೋನು. ವೈದ್ಯರ ಚೀಟಿಯ ಮೇಲೆ ಕೊಡಬೇಕಾದ ಔಷಧ ಅದು. ಹಿಂದೆ ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರು, ಯಕೃತ್ತಿನ ಕಾಯಿಲೆ ಇರುವವರು, ಸ್ತನದ ಕ್ಯಾನ್ಸರ್ ಆದವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು, ಬಸುರಿಯಾಗಿರುವ ಸಂಭವ ಇರುವವರು ಇದನ್ನು ನುಂಗಬಾರದು. ಅಕ್ಕನಿಗೆ ಕೊಟ್ಟ ಚೀಟಿಯನ್ನು ತಂಗಿಗೆ, ಸೊಸೆಗೆ ಬಳಸುವುದು ಅಪಾಯ. ವರ್ಷಕ್ಕೊಮ್ಮೆ ವೈದ್ಯರನ್ನು ಕೇಳಿ ನುಂಗುವುದು ಬೇರೆ, ಪ್ರತಿ ಪರ್ವಕ್ಕೂ ಮನೆಯಲ್ಲಿ ಪಟ್ಟಿ ಇಟ್ಟುಕೊಂಡು ನುಂಗುವುದು ಬೇರೆ. ಕಾಲಿನ ಮೀನಖಂಡದಲ್ಲಿ ಊತ ನೋವು, ಎದೆನೋವು, ದಮ್ಮು ಬಂದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಆ ನಾಲ್ಕು ದಿನ ಪೂಜೆಗೆ ಬಾರದಿದ್ದರೆ ಸಂಸಾರವೇನೂ ಮುಳುಗದು ಎಂದು ಹಿರಿಯ ಅತ್ತೆಯಂದಿರು ಒಂದು ಮಾತು ಹೇಳಿದರೆ ಸೊಸೆಯಂದಿರು ಉಳಿದುಕೊಳ್ಳುತ್ತಾರೆ.

ರಕ್ತಹೀನತೆಗೆ ಬಹುದೊಡ್ಡ ಕಾರಣ ಅತಿಯಾದ ಸ್ರಾವ, ಅದನ್ನು ಯಾರೂ ಬಾಯಿಬಿಡುವುದಿಲ್ಲ. ಏಳು ದಿನಕ್ಕಿಂತ ಹೆಚ್ಚು ಹೋಗುವುದು, ತಾಸು ಎರಡು ತಾಸಿಗೊಮ್ಮೆ ಪ್ಯಾಡ್ ಬದಲಿಸಬೇಕಾಗುವುದು, ದೊಡ್ಡ ಗಡ್ಡೆಗಳು ಬೀಳುವುದು ಸಹಜವಲ್ಲ. ಗರ್ಭಕೋಶದ ಗಡ್ಡೆ, ಥೈರಾಯ್ಡ್ ಮುಂತಾದ ಕಾರಣ ಇರುತ್ತದೆ, ಚಿಕಿತ್ಸೆಯೂ ಇದೆ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ಸ್ತ್ರೀರೋಗ ತಜ್ಞರಿಗೆ ತೋರಿಸಬೇಕು. ಇನ್ನು ಹೊರಗೆ ಕೂರುವ ಪದ್ಧತಿ ಇರುವ ಮನೆಗಳಲ್ಲಿ, ಆ ದಿನಗಳಲ್ಲಿ ಆಕೆಗೆ ಬೇರೆಯವರು ಬಡಿಸಬೇಕು. ಕೇಳಿ ಹಾಕಿಸಿಕೊಳ್ಳಲು ಸಂಕೋಚಪಟ್ಟು ಕಡಿಮೆ ಉಣ್ಣುತ್ತಾರೆ. ರಕ್ತ ಹೋಗುವ ದಿನಗಳಲ್ಲೇ ಊಟವೂ ಕಡಿಮೆ. ಬಡಿಸುವವರು ಎರಡನೆಯ ಸಲ ಕೇಳಬೇಕು.

ಉಪವಾಸದ ದಿನಗಳು

ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪವನ್ನೂ ಶಕ್ತಿಗೆ ತಕ್ಕಂತೆ ಎಂದೇ ಹೇಳಿದೆ. ಹಿಮೋಗ್ಲೋಬಿನ್ 8ಕ್ಕಿಂತ ಕಡಿಮೆ ಇದ್ದರೆ ತೀವ್ರ ರಕ್ತಹೀನತೆ. ಅಂಥವರು, ಬಸುರಿಯರು, ಹಾಲೂಡಿಸುವ ತಾಯಂದಿರು, ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಉಪವಾಸದ ಸಂಕಲ್ಪಕ್ಕೆ ಮೊದಲು ವೈದ್ಯರನ್ನೂ ಗುರುಗಳನ್ನೂ ಕೇಳುವುದು ಲೇಸು. ನಾನು ಕೇಳಿದ ಮುನಿಗಳು, ಆರ್ಯಿಕೆಯರು ಇಂಥವರಿಗೆ ರಸತ್ಯಾಗ, ಸ್ವಾಧ್ಯಾಯ, ಜಪದ ನಿಯಮವನ್ನೇ ಕೊಟ್ಟದ್ದನ್ನು ಕಂಡಿದ್ದೇನೆ. ಸಕ್ಕರೆ ಮಾತ್ರೆಯನ್ನು ನುಂಗಿ ಊಟ ಬಿಡುವುದು ಎಲ್ಲಕ್ಕಿಂತ ಅಪಾಯ, ಸಕ್ಕರೆ ದಿಢೀರನೆ ಇಳಿದು ಎಚ್ಚರ ತಪ್ಪುತ್ತದೆ. ರಾತ್ರಿ ಆಹಾರದ ನಿಯಮ ತೆಗೆದುಕೊಳ್ಳುವಾಗ ನೀರು, ಔಷಧಿಗೆ ವಿನಾಯಿತಿ ಇಟ್ಟುಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಕಾಯಿಲೆ ಇರುವವರು ನಿಯಮ ಹಿಡಿಯುವಾಗಲೇ ಇದನ್ನು ಸ್ಪಷ್ಟ ಮಾಡಿಕೊಳ್ಳಬೇಕು.

ರಾತ್ರಿ ನೀರು ಕುಡಿಯದವರು ಹಗಲಲ್ಲಿ ಲೆಕ್ಕವಿಟ್ಟು ಕುಡಿಯಬೇಕು. ಕಾಯಿಸಿದ ನೀರು ಸಿಗದೆಂದು ಯಾತ್ರೆಯಲ್ಲಿ ನೀರನ್ನೇ ಕುಡಿಯದೆ, ಶೌಚಾಲಯ ಸರಿಯಿಲ್ಲವೆಂದು ಮೂತ್ರ ತಡೆದುಕೊಂಡು, ಮನೆಗೆ ಬರುವಷ್ಟರಲ್ಲಿ ಉರಿಮೂತ್ರ ಹತ್ತಿಸಿಕೊಳ್ಳುವವರು ಹೆಂಗಸರೇ. ಬಸ್ಸು ಗೊತ್ತುಮಾಡುವ ಸಮಿತಿಯವರು ಎರಡು ದೊಡ್ಡ ಕ್ಯಾನುಗಳಲ್ಲಿ ಪ್ರಾಸುಕ ನೀರನ್ನೂ, ಒಳ್ಳೆಯ ಶೌಚಾಲಯ ಇರುವ ನಿಲುಗಡೆಗಳನ್ನೂ ಮೊದಲೇ ನಿಶ್ಚಯಿಸಿದರೆ ಅರ್ಧ ತೊಂದರೆ ಕಳೆಯುತ್ತದೆ.

ಶಿಬಿರ ನಡೆಸುವ ಬಂಧುಗಳಿಗೆ ಒಂದೆರಡು ಸೂಚನೆ. ಹಿಮೋಗ್ಲೋಬಿನ್ ಪರೀಕ್ಷೆಗೆ ಮಾತ್ರ ನಿಲ್ಲಿಸದೆ, ಕಡಿಮೆ ಬಂದವರಿಗೆ ಫೆರಿಟಿನ್, ಬಿ12, ಥೈರಾಯ್ಡ್ ಪರೀಕ್ಷೆಗೂ ಏರ್ಪಾಟು ಮಾಡಿ. ಅಚ್ಚಾದ ಚೀಟಿಯ ಬದಲು ನಮ್ಮ ಅಡುಗೆಗೆ ಹೊಂದುವ ಚೀಟಿಯನ್ನು ವೈದ್ಯರಿಗೆ ತೋರಿಸಿ, ಒಪ್ಪಿಗೆ ಪಡೆದು ಅಚ್ಚು ಹಾಕಿಸಿ. ಹೆಂಗಸರೊಂದಿಗೆ ಮಾತಾಡಲು ಮಹಿಳಾ ವೈದ್ಯರು, ಪರದೆ ಹಾಕಿದ ಒಂದು ಕೋಣೆ ಇರಲಿ. ಶಿಬಿರವನ್ನು ಬೆಳಿಗ್ಗೆ ಎಂಟಕ್ಕೆ ಇಟ್ಟರೆ ಅಡುಗೆಯ ಹೊತ್ತಿನಲ್ಲಿ ಯಾರು ಬರುತ್ತಾರೆ? ಮಧ್ಯಾಹ್ನ ಎರಡರಿಂದ ನಾಲ್ಕು ಸರಿಯಾದ ಹೊತ್ತು. ಮೂರು ತಿಂಗಳ ನಂತರ ಅದೇ ಹೆಸರುಗಳನ್ನು ಕರೆದು ಮತ್ತೆ ಪರೀಕ್ಷೆ ಮಾಡಿಸಿ. ರಿಜಿಸ್ಟರಿನಲ್ಲಿ ಎರಡನೆಯ ಅಂಕಿ ಬರೆಯಲು ಪಕ್ಕದಲ್ಲೇ ಒಂದು ಕಾಲಂ ಬಿಟ್ಟಿರಿ.